ಎಡಗೈ ಪಿಸ್ತೂಲು

“ಶನಿವಾರ ಬನಶಂಕರಿಗೆ ಹೋಗಿ ಒಂದು ಪಿಸ್ತೂಲು ನೋಡ್ಕೊಂಡು ಬರ್ತೀನಿ, ಸಾರು ಬಿಸಿ ಮಾಡ್ಕೊಂಡು ಊಟ ಮಾಡಿ,” ಅಂತ ಗೌರಮ್ಮ ಹೇಳಿದಾಗ ಅವಳ ಗಂಡ ಬೋರಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಸಾರು ಮಾತ್ರ ಅವನ ತಲೆಗೆ ಹೋಗಿತ್ತು. ಪುಟ ತಿರುಗಿಸುವಾಗ ಮಿಕ್ಕಿದ್ದೂ ಹೋಯಿತು.

“ಏನು ನೋಡ್ಕೊಂಡು ಬರ್ತೀಯ?”

“ಪಿಸ್ತೂಲು. ಸೆಕೆಂಡ್ ಹ್ಯಾಂಡು.”

“ಹೊಸದು ಬೇಡ್ವಾ?” ಅಂದ ಬೋರಣ್ಣ. ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು, ಎಲ್ಲಿ ಜಗಳ ಆಡಬೇಕು ಎಲ್ಲಿ ಆಡಬಾರದು ಅನ್ನೋದು ಅವನಿಗೆ ಗೊತ್ತಿತ್ತು.

ಅವನಿಗಿದ್ದ ಹೆದರಿಕೆ ಪೊಲೀಸಿನವರದು. ಅದು ಗಾಳಿ ಪಿಸ್ತೂಲು, ಸ್ಪೋರ್ಟ್ಸಿಂದು, ಸೀಸದ ಪುಟ್ಟ ಗುಂಡು ಹಾಕಿ ಪೇಪರಿಗೆ ಹೊಡೆಯೋದು, ಲೈಸೆನ್ಸ್ ಬೇಕಿಲ್ಲ ಅಂತ ಗೌರಮ್ಮ ಬಿಡಿಸಿ ಹೇಳಿದಳು. “ಹಂಗಾದ್ರೆ ಸರಿ, ನನ್ ಕಡೆ ಮಾತ್ರ ತಿರುಗಿಸಬೇಡ,” ಅಂತ ಅವನು ಮತ್ತೆ ಪೇಪರಿನಲ್ಲಿ ಮುಳುಗಿದ.

ಇದೆಲ್ಲ ಶುರುವಾಗಿದ್ದು ನೀರಿನ ಟ್ಯಾಂಕಿನಿಂದ. ಇವರು ಹೊಸಕೆರೆಹಳ್ಳಿಯ ಹಳೇ ಊರಿನವರು. ರಾಗಿ ಬೆಳೀತಿದ್ದ ಜಾಗದಲ್ಲೆಲ್ಲ ಈಗ ಬಾಡಿಗೆ ಬೆಳೆಯುತ್ತೆ. ಜೆ.ಪಿ. ನಗರದಲ್ಲಿದ್ದ ಕಟ್ಟಡದ ಮೇಲಿನ ಶೆಡ್ಡನ್ನು ಒಂದು ಶೂಟಿಂಗ್ ಕ್ಲಬ್ಬಿಗೆ ಕೊಟ್ಟಿದ್ದರು. ಟ್ಯಾಂಕು ತುಂಬಿ ಹರಿದು ಗೋಡೆಯೆಲ್ಲ ಪಾಚಿ ಕಟ್ಟಿದೆ ಅಂತ ಗೌರಮ್ಮ ಒಂದು ದಿನ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಮೆಟ್ಟಿಲು ಹತ್ತಿದಳು. ಅಲ್ಲಿನ ಕೋಚು ಕಾತ್ಯಾಯಿನಿ ಜಾಣೆ. “ತಪ್ಪಾಯ್ತು ಗೌರಮ್ಮನೋರೆ. ಹೇಗೂ ಬಂದಿದ್ದೀರ, ಒಂದು ಗುಂಡು ಹೊಡೆದು ಹೋಗಿ,” ಅಂದಳು. ಸಿಟ್ಟಿನಲ್ಲಿ ಇರೋರ ಕೈಗೆ ಪಿಸ್ತೂಲು ಕೊಡೋದು ಬುದ್ಧಿವಂತಿಕೆಯೋ ಅಲ್ಲವೋ, ಆವತ್ತು ಮಾತ್ರ ಕೆಲಸ ಮಾಡಿತು. ಜಗಳಕ್ಕೆ ಹೋದವಳು ಕ್ಲಬ್ಬಿಗೆ ಸೇರಿಕೊಂಡು ಕೆಳಗಿಳಿದಳು.

ಆವತ್ತು ಮೊದಲು ಬಲಗೈಯಲ್ಲಿ ಹೊಡೆದ ಗುಂಡು ಪೇಪರಿಗೇ ತಾಗಲಿಲ್ಲ. ಯಾರೂ ಈ ಕಡೆ ನೋಡ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಎಡಗೈಗೆ ಬದಲಾಯಿಸಿದಳು; ಗುಂಡು ಹೋಗಿ ನಡುವಿನ ಕಪ್ಪಿನಲ್ಲಿ ಕೂತಿತು. ಕಾತ್ಯಾಯಿನಿ ನೋಡಿಬಿಟ್ಟಳು. “ನೀವು ಎಡಗೈಯೋರಾ?” ಅಂದಾಗ ಗೌರಮ್ಮನಿಗೆ ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗಾಯಿತು.

ಆಗದೆ ಇನ್ನೇನು. ಚಿಕ್ಕವಳಿದ್ದಾಗ ಕೆರೆ ಏರಿ ಮೇಲಿನ ಮಾವಿನಮರಕ್ಕೆ ಎಡಗೈಯಲ್ಲಿ ಕಲ್ಲು ಬೀಸಿ, ಬೇಕಾದ ಕಾಯನ್ನೇ ಆರಿಸಿ ಉದುರಿಸುತ್ತಿದ್ದವಳು ಅವಳು. ಅದೇ ಕೈಯಲ್ಲಿ ತುತ್ತೆತ್ತಿದರೆ ಏಟು, ಬರೆದರೆ ಏಟು, ಯಾರಿಗಾದರೂ ಏನಾದರೂ ಕೊಟ್ಟರೆ ಎರಡು ಏಟು. “ಎಡಚಿ, ಆ ಕೈ ಸರಿಯಿಲ್ಲ, ಒಳಗಿಡು,” ಅಂತ ಮೊದಲು ಅವ್ವ, ಆಮೇಲೆ ಮೇಷ್ಟ್ರು, ಮದುವೆಯಾದ ಮೇಲೆ ಅತ್ತೆ, ಹೇಳಿ ಹೇಳಿ ಆ ಕೈ ಸೆರಗಿನೊಳಗೆ ಬಿದ್ದಿರೋದನ್ನು ಕಲಿತುಬಿಟ್ಟಿತ್ತು. ಈಗ ಐವತ್ತು ದಾಟಿದ ಮೇಲೆ ಯಾರೋ ಒಬ್ಬಳು “ಎಡಗೈಯಲ್ಲೇ ಹೊಡೀರಿ, ಎಂಥ ಒಳ್ಳೇ ಕೈ,” ಅಂದರೆ ಏನನ್ನಿಸಬೇಕು? ಗೌರಮ್ಮ ಆವತ್ತು ಬಚ್ಚಲುಮನೆಯಲ್ಲಿ ಸ್ವಲ್ಪ ಹೊತ್ತು ಅತ್ತಳು. ಕಣ್ಣು ಯಾಕೆ ಕೆಂಪಗಿದೆ ಅಂತ ಬೋರಣ್ಣ ಕೇಳಿದ್ದಕ್ಕೆ ಈರುಳ್ಳಿ ಅಂದಳು. ಬಚ್ಚಲಿಗೆ ಈರುಳ್ಳಿ ಯಾಕೆ ಬಂತು ಅಂತ ಅವನು ಕೇಳಲಿಲ್ಲ.

ತೊಡಕು ಒಂದೇ. ಈ ಪಿಸ್ತೂಲಿನ ಮರದ ಹಿಡಿಯನ್ನು ಅಂಗೈಗೆ ಸರಿಯಾಗಿ ಕೂರೋ ಹಾಗೆ ಕೆತ್ತಿರುತ್ತಾರೆ, ಕ್ಲಬ್ಬಿನಲ್ಲಿ ಇದ್ದದ್ದೆಲ್ಲ ಬಲಗೈಯವು. ಎಡಗೈಯಲ್ಲಿ ಅದನ್ನು ಹಿಡಿಯೋದು ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ತೊಟ್ಟು ನಡೆದ ಹಾಗೆ. ಬಟ್ಟೆ ಸುತ್ತಿ ಹಿಡಿದು ಅಂಗೈ ತರಚಿಹೋಗಿತ್ತು. ಡಿಸೆಂಬರ್ ಕೊನೆಗೆ ರಾಜ್ಯಮಟ್ಟದ ಸ್ಪರ್ಧೆ, ಹಿರಿಯರ ವಿಭಾಗಕ್ಕೆ ಗೌರಮ್ಮನ ಹೆಸರು ಕೊಟ್ಟಾಗಿತ್ತು. ಹೊರದೇಶದಿಂದ ತರಿಸಿದರೆ ಬರೋದು ಯುಗಾದಿಗೆ. ಊರೆಲ್ಲ ವಿಚಾರಿಸಿ ಕಾತ್ಯಾಯಿನಿ ಕೊನೆಗೂ ಒಂದನ್ನು ಹುಡುಕಿದಳು. ಬನಶಂಕರಿಯಲ್ಲಿ ಶಿವಕಿರಣ್ ಅಂತ ಒಬ್ಬ ಹುಡುಗ, ಎಡಗೈಯವನು, ಒಂದು ಕಾಲಕ್ಕೆ ಸಖತ್ತಾಗಿ ಹೊಡೆಯುತ್ತಿದ್ದವನು, ತನ್ನ ಪಿಸ್ತೂಲು ಮಾರುತ್ತಿದ್ದಾನೆ.

“ಇದು ತಪ್ಪಿದ್ರೆ ಈ ಸಲ ಇಲ್ಲ ಗೌರಮ್ಮನೋರೆ,” ಅಂದಳು ಕಾತ್ಯಾಯಿನಿ. ಏನೇನು ನೋಡಬೇಕು ಅಂತಲೂ ಬಾಯಿಪಾಠ ಮಾಡಿಸಿ ಕಳಿಸಿದಳು.

ಶನಿವಾರ ಮಧ್ಯಾಹ್ನ ಒಳ್ಳೇ ಬಿಸಿಲು. ಶಿವಕಿರಣನ ಮನೆ ತಾರಸಿಯಲ್ಲಿ ಉದ್ದಕ್ಕೆ ಶೀಟು ಹಾಕಿ, ತುದಿಯಲ್ಲಿ ಗುಂಡು ಹಿಡಿಯೋ ಕಬ್ಬಿಣದ ಡಬ್ಬ ಇಟ್ಟು, ಅಭ್ಯಾಸಕ್ಕೆ ಜಾಗ ಮಾಡಿದ್ದರು. ಹುಡುಗನ ಹಣೆಯಲ್ಲಿ ವಿಭೂತಿ, ಮುಖದಲ್ಲಿ ಮಾತ್ರ ಕಳೆಯಿಲ್ಲ. ಪಿಸ್ತೂಲಿನ ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ಬಂದವನು ಗೌರಮ್ಮನ ಮುಂದೆ ನಿಂತು ಬಲಗೈಗೆ ಬದಲಾಯಿಸಿ ಕೊಟ್ಟ. ಗೌರಮ್ಮನೂ ಬಲಗೈ ಚಾಚಿಯೇ ತಗೊಂಡಳು. ಹೀಗೆ ಎಡಗೈಯವರು ಇಬ್ಬರೂ ಬಲಗೈಯಲ್ಲಿ ಮರ್ಯಾದೆ ಮಾಡಿಕೊಂಡರು.

ಗೌರಮ್ಮ ಕೈಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದಳು.

“ಇದೇನು ಆಂಟಿ?”

“ಸೋಪಿನ ನೀರು. ಅಡುಗೆಮನೆ ಸಿಲಿಂಡರ್ ಆದ್ರೇನು, ಇದ್ರದ್ದಾದ್ರೇನು, ಸೋರಿದ್ರೆ ಗುಳ್ಳೆ ಬರ್ಲೇಬೇಕು.”

ಗಾಳಿ ತುಂಬೋ ಸಿಲಿಂಡರಿನ ಸಂದಿಗೆ ನೊರೆ ಹಚ್ಚಿ ಕೂತು ನೋಡಿದಳು, ಒಂದು ಗುಳ್ಳೆಯೂ ಏಳಲಿಲ್ಲ. ಒರೆಸಿ ಒಣಗಿಸಿದಳು. ಗಾಳಿ ಎಷ್ಟಿದೆ ಅಂತ ತೋರಿಸೋ ಮುಳ್ಳು ಎಲ್ಲಿ ನಿಂತಿದೆ ಅಂತ ಗುರುತಿಟ್ಟುಕೊಂಡಳು. ಸಿಲಿಂಡರಿನ ಮೇಲೆ ಕೊರೆದಿದ್ದ ತಾರೀಖಿಗೆ ಇನ್ನೂ ಬೇಕಾದಷ್ಟು ಆಯಸ್ಸಿತ್ತು. ಗುರಿ ನೋಡೋ ಹಿಂದಿನ ಕಚ್ಚನ್ನು ಉಗುರಿನಲ್ಲಿ ಅಲ್ಲಾಡಿಸಿದಳು, ಅಲ್ಲಾಡಲಿಲ್ಲ. ಹಿಡಿಯಲ್ಲಿ ಬಿರುಕಿರಲಿಲ್ಲ. ಗುಂಡಿಲ್ಲದೆ ಟ್ರಿಗರ್ ಒತ್ತಿ ನೋಡಿದಳು: ಮೊದಲು ಸಲೀಸಾಗಿ ಬಂದು ಒಂದು ಕಡೆ ನಿಲ್ಲಬೇಕು, ಅಲ್ಲಿಂದ ಮುಂದೆ ಕಡ್ಡಿ ಮುರಿದ ಹಾಗೆ ಪಟ್ಟಂತ ಬಿಡಬೇಕು. ಬಿಟ್ಟಿತು. ಆಮೇಲೆ ಗುಂಡು ಹಾಕಿ ಎಡಗೈ ನೀಡಿ ನಿಂತಳು. ಆ ಮರದ ಹಿಡಿ ಅಂಗೈಯೊಳಗೆ ಹೋಗಿ ಕೂತ ರೀತಿಗೆ ಅವಳ ಮೈಯೆಲ್ಲ ಹಗುರಾಯಿತು. ಹೊಡೆದ ಗುಂಡೆಲ್ಲ ಒಂದೇ ತೂತಿನ ಸುತ್ತ ಬಿತ್ತು.

“ಇಷ್ಟು ಚೆನ್ನಾಗಿರೋದನ್ನ ಯಾಕಪ್ಪ ಮಾರ್ತೀಯ?”

“ಕೈ ಹೋಯ್ತು ಆಂಟಿ,” ಅಂದ ಶಿವಕಿರಣ, ನಗೋ ಹಾಗೆ ಮಾಡಿ. “ಆಫೀಸಿಂದ ಬಂದು ಸಾಯಂಕಾಲ ಇಲ್ಲಿ ಹೊಡೆದ್ರೆ ಸರಿಯಾಗೇ ಬೀಳುತ್ತೆ. ಡಿಸೆಂಬರಲ್ಲಿ ಸ್ಟೇಟ್ ಮ್ಯಾಚಿಗೆ ಅಂತ ಬೆಳಗ್ಗೆ ಹೋಗಿ ನಿಂತ್ರೆ ಮುಗೀತು, ಗುಂಡು ಎಲ್ಲೆಲ್ಲೋ. ಎರಡು ವರ್ಷದಿಂದ ಇದೇ ಕತೆ. ಮೆಕ್ಯಾನಿಕ್ಕಿಗೆ ತೋರಿಸಿದೆ. ಮಧ್ಯಾಹ್ನ ಪೂರ್ತಿ ಚೆಕ್ ಮಾಡಿ, ಇದ್ರಲ್ಲೇನೂ ಇಲ್ಲ ಸಾರ್, ನಿಮ್ಮ ಕೈಯಲ್ಲೇ ಏನೋ ಇದೆ ಅಂದ. ಟೆನ್ಷನ್ನಂತೆ. ಈ ಸಲಾನೂ ಹೆಸರು ಕೊಟ್ಟಿದ್ದೆ, ಹೋಗಲ್ಲ.”

ಕಾಫಿ ತಂದ ಅವನ ತಾಯಿ ಕಮಲಾದೇವಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. “ಯಾರ ಕಣ್ಣು ಬಿತ್ತೋ. ಇವನ ಸ್ಕೂಟರಿಗಿಂತ ಮೊದಲು ಇದಕ್ಕೇ ಆಯುಧಪೂಜೆ ಮಾಡೋದು ನಾನು,” ಅಂತ ಲೋಟ ಇಟ್ಟು, ಮಗನ ಮುಖ ನೋಡಲಾರದೆ ಇಳಿದುಹೋದಳು.

ಗೌರಮ್ಮನ ನಾಲಿಗೆ ತುದಿಯಲ್ಲಿ “ತಗೊಂಡೆ” ಅನ್ನೋ ಮಾತು ಬಂದಿತ್ತು. ಅಷ್ಟರಲ್ಲಿ ಅಪ್ಪ ನೆನಪಾದ. ಅವಳಪ್ಪ ಚಿಕ್ಕಬೈರಪ್ಪ ಎತ್ತು ಕೊಳ್ಳೋದರಲ್ಲಿ ಸುತ್ತ ಹಳ್ಳಿಗೆಲ್ಲ ಹೆಸರಾಗಿದ್ದವನು. ಮಾರೋನು ಕರೆದ ಹೊತ್ತಿಗೆ ಹೋಗಿ ಎತ್ತು ನೋಡಬಾರದು, ಅದು ಬೆಳಗ್ಗೆ ಚಳಿಯಲ್ಲಿ ಮಲಗಿದ್ದು ಏಳುತ್ತಲ್ಲ, ಆಗ ನೋಡಬೇಕು ಅಂತಿದ್ದ. ಬಿಸಿಲೇರಿ ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಕುಂಟೋ ಎತ್ತೂ ನೆಟ್ಟಗೆ ನಡೆಯುತ್ತೆ ಅನ್ನೋದು ಅವನ ಲೆಕ್ಕ.

“ನಾಳೆ ಬೆಳಗ್ಗೆ ಬೇಗ ಬಂದು ಇನ್ನೊಂದು ಸಲ ಹೊಡೆದು ನೋಡ್ತೀನಿ. ನೋಡೇ ತಗೊಂಡು ಹೋಗ್ತೀನಿ,” ಅಂದಳು.

“ಬೆಳಗ್ಗೆ ಇನ್ನೇನು ಬೇರೆ ಥರ ಇರುತ್ತಾ ಆಂಟಿ?”

“ಎತ್ತು ಇರುತ್ತೆ,” ಅಂದಳು ಗೌರಮ್ಮ. ಹುಡುಗನಿಗೆ ಅರ್ಥವಾಗಲಿಲ್ಲ, ಕೇಳೋಕೆ ಸಂಕೋಚವಾಯಿತು.

ಭಾನುವಾರ ಎದ್ದರೆ ಹಲ್ಲು ಕಡಿಯೋ ಚಳಿ. ತಲೆ ಬಾಚೋಣ ಅಂದರೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಣ್ಣೆ ಥರ ಗಟ್ಟಿಯಾಗಿ ಕೂತಿತ್ತು. ಹೇರ್‌ಪಿನ್ನಿನಲ್ಲಿ ಕೆದಕಿ ತೆಗೆದು ಅಂಗೈಯಲ್ಲಿ ಉಜ್ಜಿ ಜಡೆಗೆ ಹಚ್ಚಿಕೊಂಡಳು. ಮೇಲೊಂದು ಸ್ವೆಟರ್ ಏರಿಸಿ ಆಟೋ ಹತ್ತಿದಳು.

ಪೆಟ್ಟಿಗೆ ರಾತ್ರಿಯೆಲ್ಲ ತಾರಸಿಯ ಕೋಣೆಯಲ್ಲೇ ಇತ್ತು. ಮುಳ್ಳು ನಿನ್ನೆ ಹೊಡೆದು ಮುಗಿಸಿದಾಗ ಇದ್ದಲ್ಲೇ ನಿಂತಿತ್ತು, ಅಂದರೆ ಗಾಳಿ ಒಂದು ಚೂರೂ ಸೋರಿಲ್ಲ. ಗೌರಮ್ಮ ಖುಷಿಯಾಗಿ ಎಡಗೈ ನೀಡಿ ಟ್ರಿಗರ್ ಒತ್ತಿದಳು. ನಿನ್ನೆಯ ಟ್ರಿಗರ್ ಅಲ್ಲ ಇದು. ಬೆಲ್ಲದ ಪಾಕದಲ್ಲಿ ಬೆರಳಿಟ್ಟ ಹಾಗೆ ಅಂಟಂಟಾಗಿ ಬಂತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲಿಲ್ಲ, ಅವಳು ಬಿಟ್ಟೀತು ಅಂದುಕೊಂಡಾಗ ಬಿಡದೆ ಆಮೇಲೆ ಯಾವಾಗಲೋ ಬಿಟ್ಟಿತು. ಗುಂಡು ಕಪ್ಪು ಬಿಟ್ಟು ಆಚೆ ಹೋಯಿತು. ಮತ್ತೆ ಹೊಡೆದಳು, ಮತ್ತೂ ಅಷ್ಟೆ. ಎತ್ತು ಕುಂಟಿತ್ತು.

“ನೀನೊಂದು ಸಲ ಹೊಡಿ ನೋಡೋಣ,” ಅಂದಳು.

“ಬೇಡ ಆಂಟಿ.”

“ಹೊಡಿಯಪ್ಪ. ನಾನೇನು ಜಡ್ಜಾ?”

ಅವನು ಹೊಡೆದ. ಗುಂಡುಗಳು ಪೇಪರಿನ ತುಂಬ ಚೆಲ್ಲಾಪಿಲ್ಲಿಯಾದವು. “ನೋಡಿದ್ರಲ್ಲ. ನಿಮ್ಮೊಬ್ಬರ ಎದುರಿಗೆ ನಿಂತ್ರೂ ಕೈ ಕೇಳಲ್ಲ,” ಅಂದು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಕಾಫಿ ತರ್ತೀನಿ ಅಂತ ಇಳಿದುಹೋದ. ಆದರೆ ಗೌರಮ್ಮ ಪೇಪರನ್ನು ನೋಡಿರಲಿಲ್ಲ, ಅವನ ಕೈಯನ್ನು ನೋಡಿದ್ದಳು. ಕೈ ಕಲ್ಲಿನ ಹಾಗೆ ನಿಂತಿತ್ತು. ಒಂದೇ ಬೆಳಗ್ಗೆ ಇಬ್ಬರ ಕೈಯೂ ಒಟ್ಟಿಗೆ ಹೋಗೋಕೆ ಸಾಧ್ಯವೇ ಇಲ್ಲ.

ಅಷ್ಟರಲ್ಲಿ ಪಕ್ಕದ ಕಟ್ಟಡದ ಅಂಚಿನಿಂದ ಬಿಸಿಲು ಇಣುಕಿ ಪ್ಯಾರಾಪೆಟ್ಟಿನ ಮೇಲೆ ಬಿತ್ತು. ಗುಂಡಿಲ್ಲ ಅಂತ ಎರಡೆರಡು ಸಲ ನೋಡಿಕೊಂಡು, ಅಪ್ಪ ಎತ್ತನ್ನು ಬಿಸಿಲಿಗೆ ಕಟ್ಟಿದ ಹಾಗೆ ಪಿಸ್ತೂಲನ್ನು ಬಿಸಿಲಿಗೆ ಇಟ್ಟಳು. ಚೆನ್ನಾಗಿ ಬಿಸಿಯಾದ ಮೇಲೆ ಒತ್ತಿ ನೋಡಿದರೆ ಟ್ರಿಗರ್ ಆಗಲೇ ಸಡಿಲಾಗಿ ಬಾಯಿ ಬಿಡೋಕೆ ಶುರು ಮಾಡಿತ್ತು. ಹತ್ತಿರ ಹಿಡಿದು ನೋಡಿದಳು. ಘಮ್ಮಂತ ಒಂದು ವಾಸನೆ. ತನ್ನ ಜಡೆಯದೇ ಅಂದುಕೊಂಡಳು. ಜಡೆಯನ್ನು ಬೆನ್ನ ಹಿಂದಕ್ಕೆ ಎಸೆದು ಮತ್ತೆ ಮೂಸಿದಳು. ಟ್ರಿಗರಿನ ಸಂದಿಯಿಂದಲೇ ಬರುತ್ತಿತ್ತು, ಅಪ್ಪಟ ಕೊಬ್ಬರಿ ಎಣ್ಣೆ.

ಗೌರಮ್ಮನಿಗೆ ಎಲ್ಲ ತಿಳಿದುಹೋಯಿತು. ಸಾಯಂಕಾಲದ ಕಾವಿಗೆ ಕರಗಿ ಸರಾಗ ಓಡುತ್ತೆ, ಡಿಸೆಂಬರ್ ಬೆಳಗಿನ ಚಳಿಗೆ ಹೆಪ್ಪುಗಟ್ಟಿ ಕೂರುತ್ತೆ. ಮಧ್ಯಾಹ್ನ ಅಂಗಡಿ ತೆಗೆಯೋ ಮೆಕ್ಯಾನಿಕ್ಕಿಗೆ ಇದು ಹೇಗೆ ಗೊತ್ತಾಗಬೇಕು?

ಫೋನ್ ಹೊಡೆದುಕೊಂಡಿತು. ಬೋರಣ್ಣ. “ತಗೊಂಡ್ಯಾ?”

“ನೋಡ್ತಿದ್ದೀನಿ.”

“ಇನ್ನೇನು ನೋಡೋದು, ತಗೊಂಡು ಬಾ. ಹಾಲಲ್ಲಿ ಮೊಳೆ ಹೊಡೆದಿದ್ದೀನಿ, ನೇತುಹಾಕೋಕೆ.” ಪಿಸ್ತೂಲನ್ನು ಕ್ಯಾಲೆಂಡರ್ ಅಂದುಕೊಂಡಿದ್ದಾನೆ ಮಹಾರಾಯ. ಆದರೂ ಅವನು ಸ್ಟೂಲು ಹತ್ತಿ ಮೊಳೆ ಹೊಡೆದದ್ದು ನೆನೆದು ಗೌರಮ್ಮನಿಗೆ ಆಸೆ ಹೆಚ್ಚಾಯಿತು.

ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ಎತ್ತಿಕೊಂಡು ಹೋದರೆ ಕೇಳೋರು ಯಾರು? ಕಾತ್ಯಾಯಿನಿ ಟ್ರಿಗರ್ ಬಿಚ್ಚಿ ತೊಳೆದರೆ ಮುಗಿಯಿತು, ಹೊಸದರ ಹಾಗಿರುತ್ತೆ. ಹುಡುಗ ಒಳ್ಳೇ ಮನಸ್ಸಿನಿಂದಲೇ ಮಾರುತ್ತಿದ್ದಾನೆ, ಇವಳು ಒಂದು ಸುಳ್ಳೂ ಹೇಳಬೇಕಾಗಿಲ್ಲ. ಹೇಳಿಬಿಟ್ಟರೋ, ಈ ಪಿಸ್ತೂಲು ಈ ಮನೆ ಬಿಟ್ಟು ಬರೋದಿಲ್ಲ, ಅವಳ ಎಡಗೈಗೆ ಈ ವರ್ಷ ಇನ್ನೊಂದು ಸಿಗೋದಿಲ್ಲ. ಪೆಟ್ಟಿಗೆಯನ್ನು ಮುಚ್ಚಿಯೂ ಮುಚ್ಚಿದಳು.

ಆದರೆ “ನಿಮ್ಮ ಕೈಯಲ್ಲೇ ಏನೋ ಇದೆ” ಅನ್ನೋ ಮಾತು ಅವಳನ್ನು ಪೆಟ್ಟಿಗೆ ಎತ್ತೋಕೆ ಬಿಡಲಿಲ್ಲ. ಕೈ ಸರಿಯಿಲ್ಲ ಅಂತ ಹೇಳಿಸಿಕೊಂಡ ಕೈ ಏನಾಗುತ್ತೆ ಅನ್ನೋದು ಗೌರಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದು ಸೆರಗಿನೊಳಗೆ ಹೋಗಿ ಸೇರಿಕೊಳ್ಳುತ್ತೆ, ಆಮೇಲೆ ಯಾರು ಕರೆದರೂ ಬರೋಕೆ ಅರ್ಧ ಆಯಸ್ಸು ಬೇಕು.

ಶಿವಕಿರಣ ಕಾಫಿ ತಂದ, ಅವನ ಹಿಂದೆ ಕಮಲಾದೇವಿ ಇಡ್ಲಿ ತಟ್ಟೆ ಹಿಡಿದು ಬಂದಳು.

“ಕಮಲಮ್ಮ, ಆಯುಧಪೂಜೇಲಿ ಇದಕ್ಕೆ ಏನೇನು ಹಚ್ತೀರ?” ಅಂತ ಕೇಳಿದಳು ಗೌರಮ್ಮ.

“ಎಲ್ಲಾರೂ ಹಚ್ಚೋದೇ. ವಿಭೂತಿ, ಕುಂಕುಮ, ಹೂವು. ಆಮೇಲೆ ತುಕ್ಕು ಹಿಡೀಬಾರ್ದು ಅಂತ ಹತ್ತಿ ಬತ್ತೀಲಿ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ. ಹೊಲಿಗೆ ಮಿಷನ್ನಿಗೂ ನಾನು ಅದನ್ನೇ ಬಿಡೋದು.”

“ಎಲ್ಲಿಗೆ ಬಿಟ್ಟೆ ಅಮ್ಮ?” ಅಂದ ಶಿವಕಿರಣ.

“ಅದೇ ಕಣೋ, ಬೆರಳು ಹಾಕೋ ಹತ್ರ. ಎರಡು ವರ್ಷದಿಂದ ಬಿಡ್ತಿದ್ದೀನಿ, ನೀನು ಬೈತೀಯ ಅಂತ ಹೇಳ್ಲಿಲ್ಲ.”

“ಇವತ್ತು ನಿಮ್ಮನೇಲಿ ಎಣ್ಣೆ ಬಾಟ್ಲು ಹೇಗಿದೆ ಕಮಲಮ್ಮ?” ಅಂದಳು ಗೌರಮ್ಮ.

“ಗಟ್ಟಿಯಾಗಿದೆ, ಚಳಿಗೆ.” ಅಂದವಳು ಥಟ್ಟನೆ ಪೆಟ್ಟಿಗೆ ಕಡೆ ನೋಡಿದಳು.

ಗೌರಮ್ಮ ಹುಡುಗನ ಕಡೆ ತಿರುಗಿದಳು. “ನಿನ್ನ ಕೈಗೆ ಏನೂ ಆಗಿಲ್ಲ ಕಣಪ್ಪ. ಆ ಕೈ ಸರಿಯಾಗಿದೆ.” ಆ ಮಾತನ್ನು ಅವಳು ಬೇರೆಯವರ ಬಾಯಲ್ಲಿ ಕೇಳೋಕೆ ಎಷ್ಟು ಕಾದಿದ್ದಳು ಅಂತ ಅವಳಿಗೇ ಆಗ ಗೊತ್ತಾಯಿತು.

ಕಮಲಾದೇವಿ ತಟ್ಟೆ ಹಿಡಿದುಕೊಂಡೇ ನೆಲಕ್ಕೆ ಕೂತಳು. “ನಾನೇ ಕೈಯಾರೆ ಹೀಗೆ ಮಾಡಿದೆನಾ.”

“ತುಕ್ಕಂತೂ ಹಿಡಿದಿಲ್ಲ, ಬಿಡಿ,” ಅಂದಳು ಗೌರಮ್ಮ, ಅವಳ ಕೈಯಿಂದ ಇಡ್ಲಿ ತಟ್ಟೆ ತಗೊಂಡು.

ಬಿಸಿಲಿಗೆ ಕಾದಿದ್ದ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದು ಹಿಡಿದು ಶಿವಕಿರಣ ನಿಂತ. ಗುಂಡು ನಡುವಿಗೆ ಹೋಯಿತು. ಇನ್ನೊಂದೂ ಅಲ್ಲಿಗೇ. ಪಿಸ್ತೂಲು ಕೆಳಗಿಟ್ಟು ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡ. ಆಮೇಲೆ ನೆನಪಾಗಿ, “ಆಂಟಿ, ಮಾತು ಕೊಟ್ಟಿದ್ದೀನಿ. ತಗೊಂಡು ಹೋಗಿ,” ಅಂದ. ಅನ್ನೋವಾಗ ಪೆಟ್ಟಿಗೆ ಮೇಲಿಟ್ಟಿದ್ದ ಕೈ ಮಾತ್ರ ತೆಗೆಯಲಿಲ್ಲ.

“ನಾನು ಬಂದಿದ್ದು ಮಾರೋ ಪಿಸ್ತೂಲು ನೋಡೋಕೆ,” ಅಂದಳು ಗೌರಮ್ಮ. “ಇದು ಮಾರೋದಲ್ಲ.” ಇಡ್ಲಿಯನ್ನು ಮಾತ್ರ ಪೂರ್ತಿ ತಿಂದು ಎದ್ದಳು.

ಬೇಜಾರಾಗಲಿಲ್ಲ ಅಂದರೆ ಶುದ್ಧ ಸುಳ್ಳು. ಆಟೋದಲ್ಲಿ ದಾರಿಯುದ್ದಕ್ಕೂ ಖಾಲಿ ಅಂಗೈ ನೋಡಿಕೊಂಡು ಕೂತಿದ್ದಳು. ತನ್ನನ್ನು ತಾನೇ ಬೈದುಕೊಂಡಳು, ಅಪ್ಪನಿಗೂ ಅವನ ಎತ್ತಿಗೂ ಸೇರಿಸಿ ಬೈದಳು. ಬೋರಣ್ಣ ಕತೆಯೆಲ್ಲ ಕೇಳಿ, “ಕೊಳ್ಳೋಕೆ ಅಂತ ಹೋಗಿ ರಿಪೇರಿ ಮಾಡಿ ಬಂದೆಯಲ್ಲೇ,” ಅಂತ ನಕ್ಕ. ಅವಳು ನಗದೇ ಇದ್ದದ್ದು ನೋಡಿ ಎದ್ದು ಹೋಗಿ ಆ ಮೊಳೆಗೆ ಛತ್ರಿ ನೇತುಹಾಕಿದ.

ಮೂರ್ನಾಲ್ಕು ದಿನ ಕಳೆದ ಮೇಲೆ, ಒಂದು ಸಂಜೆ ಗೌರಮ್ಮ ಕ್ಲಬ್ಬಿನಲ್ಲಿ ಬಲಗೈ ಪಿಸ್ತೂಲಿಗೆ ಬಟ್ಟೆ ಸುತ್ತುತ್ತಾ ಕೂತಿದ್ದಾಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಮೊದಲು ಬಂದದ್ದು ಶಿವಕಿರಣ, ಎಡಗೈಯಲ್ಲಿ ಪೆಟ್ಟಿಗೆ. ಹಿಂದೆ ಕಮಲಾದೇವಿ.

“ಬಿಚ್ಚಿ ಪೂರ್ತಿ ತೊಳೆಸಿದೆ ಆಂಟಿ. ಮನೇಲಿ ಬೆಳಗ್ಗೆ ಹೊತ್ತೇ ಹೊಡೆದು ನೋಡಿದೆ,” ಅಂದ ಅವನು. ಹೇಗೆ ಬಿತ್ತು ಅಂತ ಯಾರೂ ಕೇಳಬೇಕಾಗಿರಲಿಲ್ಲ, ಮುಖದಲ್ಲೇ ಇತ್ತು. “ಮ್ಯಾಚಿನ ದಿನ ನಂದು ಬೆಳಗ್ಗೆ, ಹಿರಿಯರದ್ದು ಊಟ ಆದ್ಮೇಲೆ. ಕಾತ್ಯಾಯಿನಿ ಮೇಡಂನ ಕೇಳಿದೆ, ಒಂದೇ ಪಿಸ್ತೂಲಲ್ಲಿ ಇಬ್ಬರೂ ಹೊಡೀಬಹುದಂತೆ. ಅಲ್ಲೀವರೆಗೂ ಸಾಯಂಕಾಲ ಇಲ್ಲಿಗೇ ತರ್ತೀನಿ. ಇಬ್ಬರೂ ಪ್ರಾಕ್ಟೀಸ್ ಮಾಡೋಣ.”

“ವಿಭೂತಿ ಮಾತ್ರ ಹಚ್ಚಿದ್ದೀನಿ ಗೌರಮ್ಮನೋರೆ,” ಅಂದಳು ಕಮಲಾದೇವಿ. “ಪೆಟ್ಟಿಗೆಗೆ. ಅದೂ ಹೊರಗಡೆ.”

ಶಿವಕಿರಣ ಮುಂದೆ ಬಂದ. ದೊಡ್ಡವರಿಗೆ ಕೊಡಬೇಕಲ್ಲ, ಪೆಟ್ಟಿಗೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ.

“ಅದೇ ಕೈಯಲ್ಲಿ ಕೊಡು,” ಅಂದಳು ಗೌರಮ್ಮ.

“ಆಂಟಿ?”

“ಎಡಗೈಯಲ್ಲೇ ಕೊಡಪ್ಪ.”

ಕಮಲಾದೇವಿ ಕಂಡರೂ ಕಾಣದವಳ ಹಾಗೆ ಕಿಟಕಿಯಾಚೆಗಿನ ನೀರಿನ ಟ್ಯಾಂಕನ್ನು ನೋಡುತ್ತಾ ನಿಂತಳು. ಹುಡುಗ ಪೆಟ್ಟಿಗೆಯನ್ನು ಮತ್ತೆ ಎಡಗೈಗೆ ತಂದು ಚಾಚಿದ. ಬಂದವರನ್ನು ಕಂಡು ಅಭ್ಯಾಸಬಲದಿಂದ ಸೆರಗು ಸೇರಿದ್ದ ಎಡಗೈಯನ್ನು ಗೌರಮ್ಮ ಹೊರಗೆ ತೆಗೆದು ನೀಡಿದಳು. ಹುಟ್ಟಿದಾಗಿನಿಂದ ಇವತ್ತಿನವರೆಗೆ ಆ ಕೈಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಪೆಟ್ಟಿಗೆ ಆವತ್ತು ಬಲಗೈಗೆ ಅನ್ನಿಸಿದ್ದಕ್ಕಿಂತ ಭಾರವಾಗಿತ್ತು.